ಕಡಪ ಕಲ್ಲಿನಿಂದ ಗಂಟೆ ಸದ್ದು: ವಿಆರ್‌ನಲ್ಲಿ ನಂಬುವಂಥ ಸ್ಪರ್ಶ ಹುಟ್ಟಿಸುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿಯಿಂದ ಸಂಗನಕಲ್ಲು ದಾಟಿ ಸ್ವಲ್ಪ ಮುಂದೆ ಹೋದರೆ ಕುಪ್ಪಗಲ್ಲು ಗುಡ್ಡ. ಅಲ್ಲಿರುವ ಕೆಲವು ಡಾಲರೈಟ್ ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆ ಹೊಡೆದ ಹಾಗೆ ನಾದ ಬರುತ್ತದೆ. ಹೊಸ ಶಿಲಾಯುಗದ ಜನ ತಟ್ಟಿ ತಟ್ಟಿ ಬಂಡೆಯಲ್ಲಿ ಗುಳಿ ಬಿದ್ದಿವೆ. ಸುತ್ತಲೂ ಎತ್ತುಗಳ, ಮನುಷ್ಯರ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಶಾಲೆ ಮಕ್ಕಳನ್ನು ಕರೆದುಕೊಂಡು ಹೋದರೆ ಒಬ್ಬೊಬ್ಬರಿಗೂ ಒಂದು ಕಲ್ಲು ಎತ್ತಿ ಬಾರಿಸುವ ಆಸೆ. ಬೇಡ ಅನ್ನಲೇಬೇಕು. ಕ್ವಾರಿ ಕೆಲಸದಿಂದ ಆ ಗುಡ್ಡಕ್ಕೆ ಈಗಾಗಲೇ ಪೆಟ್ಟು ಬಿದ್ದಿದೆ, ನಮ್ಮದೂ ಯಾಕೆ?

ಅದಕ್ಕೇ ಆ ಬಂಡೆಯನ್ನು ವಿಆರ್‌ನಲ್ಲಿ (ವರ್ಚುವಲ್ ರಿಯಾಲಿಟಿ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ನೋಡುವ ಕೃತಕ ಲೋಕ) ಮಾಡೋಣ, ಮಕ್ಕಳು ಎಷ್ಟು ಬೇಕಾದರೂ ಬಾರಿಸಲಿ ಅಂತ ಶುರು ಮಾಡಿದೆ. ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಐದು ಬೆರಳಿಗೆ ಐದು ಮೋಟಾರು ಇಟ್ಟು ಕೈಗವಸು ಮಾಡಿದೆ. ಹೊಲಿದುಕೊಟ್ಟವರು ಇಲ್ಲಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಓವರ್‌ಲಾಕ್ ಮಷಿನ್ ಓಡಿಸುವ ಟೈಲರ್. ಮೊದಲ ಪರೀಕ್ಷೆಯೂ ಅವರ ಕೈ ಮೇಲೇ ಆಯಿತು. ಬಂಡೆ ಮುಟ್ಟಿದರು. ಕೈ ಹಿಂದಕ್ಕೆ ತೆಗೆದುಕೊಂಡು ಕೇಳಿದರು: "ಸರ, ಫೋನ್ ಬಂದಂಗ ಆತಲ್ರೀ?"

ಎರಡು ತಿಂಗಳ ಕೆಲಸಕ್ಕೆ ಒಂದೇ ಸಾಲಿನ ವಿಮರ್ಶೆ. ಆದರೆ ಅವರು ಹೇಳಿದ್ದು ಸರಿ. ಮೋಟಾರು ಕೊನೆಗೆ ಬರಬೇಕಾದ್ದು, ನಾನು ಮೊದಲೇ ತಂದು ಕೂರಿಸಿದ್ದೆ. ಕೈಯನ್ನು ನಂಬಿಸುವುದು ಹೆಚ್ಚಾಗಿ ಕಣ್ಣು, ಕಿವಿ ಮತ್ತು ಸಮಯ. ಅದಕ್ಕೇ ಕೆಳಗಿನ ಹೆಜ್ಜೆಗಳಲ್ಲಿ ಮೋಟಾರು ಬರುವುದು ಕಣ್ಣು, ಕಿವಿ ಆದಮೇಲೆ.

ಬೇಕಾಗುವ ಸಾಮಾನು

ಕೈಯನ್ನು ಕ್ಯಾಮೆರಾದಲ್ಲೇ ಗುರುತಿಸುವ ಹೆಡ್‌ಸೆಟ್ ಒಂದು (ನನ್ನದು ಕ್ವೆಸ್ಟ್), ಯೂನಿಟಿ (ವಿಆರ್ ದೃಶ್ಯ ಕಟ್ಟುವ ಸಾಫ್ಟ್‌ವೇರ್) ಓಡುವ ಕಂಪ್ಯೂಟರ್, ಒಂದು ಇಎಸ್‌ಪಿ32 ಬೋರ್ಡ್ (ಕೋಡು ತುಂಬಿ ಓಡಿಸುವ, ವೈಫೈ ಇರುವ ಪುಟ್ಟ ಬೋರ್ಡು), 10 ಮಿಲಿಮೀಟರ್ ಅಗಲದ ನಾಣ್ಯದಂಥ ವೈಬ್ರೇಷನ್ ಮೋಟಾರು ಎರಡು, ಎರಡು 2ಎನ್2222 ಟ್ರಾನ್ಸಿಸ್ಟರ್, ಡಯೋಡು ಮತ್ತು ರೆಸಿಸ್ಟರ್‌ಗಳು, ಒಂದು ಪೀಜೋ ಡಿಸ್ಕ್ (ಪೆಟ್ಟು ಬಿದ್ದರೆ ವೋಲ್ಟೇಜು ಹುಟ್ಟಿಸುವ ಬಿಲ್ಲೆ), ಚಿಕ್ಕ ಲಿಥಿಯಂ ಬ್ಯಾಟರಿ, ವೈರ್ ಇರುವ ಇಯರ್‌ಫೋನ್. ಜೊತೆಗೆ ಒಂದು ಕಡಪ ಕಲ್ಲಿನ ತುಂಡು. ಅಡುಗೆಮನೆ ಕಟ್ಟೆಗೆ ಕೊಯ್ದು ಉಳಿದದ್ದು ಕಲ್ಲಿನ ಅಂಗಡಿಯಲ್ಲಿ ಸುಮ್ನೆ ಕೇಳಿದರೂ ಕೊಡುತ್ತಾರೆ. ಇಡೀ ಪಟ್ಟಿಯಲ್ಲಿ ಜಾಸ್ತಿ ಕೆಲಸ ಮಾಡುವುದು ಈ ಕಲ್ಲೇ.

ಹೆಜ್ಜೆ 1: ಒಂದೇ ಒಂದು ಸ್ಪರ್ಶ ಆರಿಸಿಕೊಳ್ಳಿ

"ಎಲ್ಲವನ್ನೂ ಮುಟ್ಟಬಹುದು" ಅಂತ ಹೊರಟರೆ ಯಾವುದೂ ಸರಿ ಬರುವುದಿಲ್ಲ. ಒಂದು ವಸ್ತು, ಅದರ ಮೇಲೆ ಕೈ ಮಾಡುವ ಒಂದೆರಡು ಕೆಲಸ, ಅಷ್ಟೇ ಸಾಕು. ನಾನು ಆರಿಸಿಕೊಂಡದ್ದು ಎರಡು: ಬೆರಳ ಗೆಣ್ಣಿನಿಂದ ಬಂಡೆ ತಟ್ಟುವುದು, ಬೆರಳ ತುದಿಯಿಂದ ಕುಟ್ಟಿದ ಚಿತ್ರದ ಮೇಲೆ ಸವರುವುದು.

ಕೈ ಸುಮ್ಮನೆ ಮುಟ್ಟುವುದಿಲ್ಲ, ಏನೋ ತಿಳಿದುಕೊಳ್ಳಲು ಮುಟ್ಟುತ್ತದೆ. ಸೂಸನ್ ಲೆಡರ್‌ಮನ್ ಮತ್ತು ರಾಬರ್ಟಾ ಕ್ಲಾಟ್ಸ್ಕಿ 1987ರಲ್ಲಿ ಇದನ್ನೇ ವಿಂಗಡಿಸಿ ತೋರಿಸಿದರು. ನುಣುಪು ತಿಳಿಯಲು ಸವರುತ್ತೇವೆ, ಗಟ್ಟಿತನಕ್ಕೆ ಒತ್ತುತ್ತೇವೆ, ತಂಪು ಬಿಸಿಗೆ ಕೈ ಇಟ್ಟು ಸುಮ್ಮನಿರುತ್ತೇವೆ, ಭಾರಕ್ಕೆ ಎತ್ತಿ ತೂಗುತ್ತೇವೆ. ಜೀನ್ಸ್ ಕೊಳ್ಳುವಾಗ ಬಟ್ಟೆಯನ್ನು ಎರಡು ಬೆರಳಲ್ಲಿ ಹೊಸಕಿ ನೋಡುತ್ತೇವೆ, ಟೊಮೆಟೊ ಕೊಳ್ಳುವಾಗ ಒತ್ತಿ ನೋಡುತ್ತೇವೆ. ಅದಲುಬದಲು ಮಾಡುವುದಿಲ್ಲ ಅಲ್ವಾ? ನಿಮ್ಮ ವಸ್ತುವಿನ ಮುಂದೆ ಕೈ ತಾನಾಗಿ ಏನು ಮಾಡುತ್ತದೋ ಅದಕ್ಕೆ ಮಾತ್ರ ಉತ್ತರ ಸಿದ್ಧಮಾಡಿ.

ಆಮೇಲೆ ಅಸಲಿ ವಸ್ತುವನ್ನು ಕಣ್ಣು ಮುಚ್ಚಿಕೊಂಡು ಮುಟ್ಟಿ, ಏನೇನು ಗೊತ್ತಾಯಿತು ಅಂತ ಬರೆದಿಡಿ. ನನ್ನ ನೋಟ್‌ಬುಕ್ಕಿನಲ್ಲಿ ಹೀಗಿತ್ತು: "ತಣ್ಣಗೆ. ಥಟ್ ಅಂತ ನಿಲ್ಲುತ್ತದೆ. ಗೆಣ್ಣಿಗೆ ಸ್ವಲ್ಪ ನೋವು. ಸವರಿದರೆ ಪುಡಿಪುಡಿ ಒರಟು, ಚಿತ್ರದ ಅಂಚು ದಾಟುವಾಗ ಮಾತ್ರ ಗೊತ್ತಾಗುತ್ತದೆ." ಇದರಲ್ಲಿ ಗುಂಯ್ ಅನ್ನುವ ನಡುಕ ಎಲ್ಲಿದೆ ನೋಡಿ. ಇಲ್ಲವೇ ಇಲ್ಲ. ನನ್ನ ಮೊದಲ ಕೈಗವಸು ಕೊಡುತ್ತಿದ್ದದ್ದು ಅದೊಂದನ್ನೇ.

ಹೆಜ್ಜೆ 2: ಚರ್ಮಕ್ಕೆ ಏನು ಗೊತ್ತಾಗುತ್ತದೆ

ಇದು ಚಿಕ್ಕದು, ಆದರೆ ಬಿಡಬೇಡಿ. ಬೆರಳ ತುದಿಯಲ್ಲಿ ಸ್ಪರ್ಶವನ್ನು ಗುರುತಿಸುವ ನಾಲ್ಕು ಥರದ ನರತುದಿಗಳಿವೆ. ಮರ್ಕೆಲ್‌ಗೆ ನಿಂತ ಒತ್ತಡ ಮತ್ತು ಅಂಚು ಗೊತ್ತಾಗುತ್ತದೆ. ಮೈಸ್ನರ್‌ಗೆ ನಿಧಾನದ ಅಲುಗಾಟ, ಜಾರುವಿಕೆ. ರುಫಿನಿಗೆ ಚರ್ಮದ ಎಳೆತ. ಪ್ಯಾಸಿನಿಯನ್‌ಗೆ ವೇಗದ ಕಂಪನ, ಅದೂ 250 ಹರ್ಟ್ಜ್ ಆಸುಪಾಸಿನಲ್ಲಿ ಅತಿ ಚುರುಕು. ಅಗ್ಗದ ಮೋಟಾರು ಎಬ್ಬಿಸುವುದು ಮುಖ್ಯವಾಗಿ ಈ ಕೊನೆಯದನ್ನು. ಅಂದರೆ ಮೋಟಾರಿನಿಂದ ಒತ್ತಡ ಬರುವುದಿಲ್ಲ, ಗಟ್ಟಿತನವೂ ಬರುವುದಿಲ್ಲ. ಅವನ್ನು ಬೇರೆ ಕಡೆಯಿಂದ ತರಬೇಕು.

ಹೆಜ್ಜೆ 3: ಅಸಲಿ ಕಲ್ಲನ್ನೇ ಇಡಿ

ಇದು ಮೋಸ ಅನ್ನುವವರಿದ್ದಾರೆ. ಇರಲಿ. ವಿಆರ್‌ನಲ್ಲಿ ಕಾಣುವ ಬಂಡೆ ಎಲ್ಲಿದೆಯೋ ಅಲ್ಲೇ ಮೇಜಿನ ಮೇಲೆ ಕಡಪ ಕಲ್ಲು ಇಟ್ಟರೆ ಗಟ್ಟಿತನ, ತಂಪು, ಒರಟು ಮೂರೂ ಪುಕ್ಕಟೆ. ಕಲ್ಲು ಚರ್ಮದ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಅದಕ್ಕೇ ಅದೇ ಕೋಣೆಯಲ್ಲಿರುವ ಮರಕ್ಕಿಂತ ತಣ್ಣಗೆ ಅನ್ನಿಸುತ್ತದೆ. ಈ ತಂಪನ್ನು ಪೆಲ್ಟಿಯರ್ ಚಿಪ್ಪಿನಿಂದ (ಕರೆಂಟು ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿ ಆಗುವಂಥದ್ದು) ಮಾಡಲು ಹೋದರೆ ಬ್ಯಾಟರಿ ಕ್ಷಣದಲ್ಲಿ ಖಾಲಿ, ಮೇಲೆ ಕೈ ಸುಡುವ ಭಯ ಬೇರೆ.

ಕಲ್ಲಿನ ಪಾಲಿಷ್ ಇಲ್ಲದ ಹಿಂಬದಿಯನ್ನು ಮೇಲೆ ಮಾಡಿ. ಕೆಳಗೆ ಮಡಚಿದ ಕಂಬಳಿ ಹಾಕಿ, ಇಲ್ಲದಿದ್ದರೆ ಮೇಜು ಡಬಡಬ ಅನ್ನುತ್ತದೆ. ಅಂಚುಗಳನ್ನು ಉಜ್ಜಿ ಮೊಂಡು ಮಾಡಿ. ಹೆಡ್‌ಸೆಟ್ ಹಾಕಿದವರಿಗೆ ಚೂಪು ಕಾಣುವುದಿಲ್ಲ.

ಈಗ ಹೊಂದಿಸುವುದು. ಕಲ್ಲಿನ ಮೂರು ಮೂಲೆಗೆ ಕಂಟ್ರೋಲರ್ ತುದಿ ಮುಟ್ಟಿಸಿ, ಪ್ರತಿ ಸಲ ಒಂದು ಬಟನ್ ಒತ್ತಿ ಆ ಜಾಗ ಉಳಿಸಿಕೊಳ್ಳಿ. ಮೂರು ಬಿಂದು ಸಿಕ್ಕರೆ ಸಮತಲ, ದಿಕ್ಕು ಎರಡೂ ಸಿಕ್ಕವು. ವಿಆರ್ ಬಂಡೆಯನ್ನು ಅದರ ಮೇಲೆ ಕೂರಿಸಿ. ಎತ್ತರದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೂ ಕೈಗೆ ಗೊತ್ತಾಗುತ್ತದೆ. ಪಕ್ಕಕ್ಕೆ ತಪ್ಪಿದರೆ ಅಷ್ಟು ಗೊತ್ತಾಗುವುದಿಲ್ಲ. ಹಾಗಾಗಿ ಎತ್ತರಕ್ಕೆ ಜಾಸ್ತಿ ಹೊತ್ತು ಕೊಡಿ.

ನನ್ನ ಕಲ್ಲು ಚಪ್ಪಟೆ, ಕುಪ್ಪಗಲ್ಲಿನ ಬಂಡೆಯಲ್ಲಿ ಗುಳಿ ಇದೆ. ಏನು ಮಾಡುವುದು? ಏನೂ ಇಲ್ಲ. ಕಣ್ಣಿಗೆ ತಗ್ಗು ತೋರಿಸಿದರೆ ಕೈ ಅದನ್ನೇ ಒಪ್ಪಿಕೊಳ್ಳುತ್ತದೆ. 1964ರಲ್ಲಿ ಇರ್ವಿನ್ ರಾಕ್ ಮತ್ತು ಜ್ಯಾಕ್ ವಿಕ್ಟರ್ ಒಂದು ಚೌಕವನ್ನು, ಅದು ಆಯತವಾಗಿ ಕಾಣುವಂಥ ಮಸೂರದ ಮೂಲಕ ಜನರಿಗೆ ತೋರಿಸಿ, ಅದೇ ಹೊತ್ತಿಗೆ ಮುಟ್ಟಲೂ ಕೊಟ್ಟರು. ಕಂಡ ಆಕಾರವೇ ಕೈಗೂ ಹತ್ತಿತು. ತಗ್ಗು ಆಳವಾಗಿದ್ದರೆ ಮಾತ್ರ ಈ ಆಟ ನಡೆಯುವುದಿಲ್ಲ. ತಟ್ಟೆಯಂಥ ಕಡಿಮೆ ಆಳದ ಗುಳಿ ಸಾಕು.

ಒಂದೇ ಕಲ್ಲಿನಿಂದ ಮೂರು ಬಂಡೆ ಮಾಡುವ ದಾರಿಯೂ ಇದೆ. ಕೈ ಬಂಡೆಯತ್ತ ಚಾಚುತ್ತಿರುವಾಗಲೇ ವಿಆರ್ ಕೈಯನ್ನು ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಸುತ್ತಾ ಹೋಗಿ. ಜನ ತಮಗೆ ಗೊತ್ತಿಲ್ಲದೆ ಕೈ ತಿದ್ದಿಕೊಂಡು ಅದೇ ಕಲ್ಲಿಗೆ ಬಂದು ಮುಟ್ಟುತ್ತಾರೆ. 2016ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಒಂದೇ ಅಸಲಿ ತುಂಡನ್ನು ಹಲವು ತುಂಡುಗಳಂತೆ ಬಳಸಿ ತೋರಿಸಿದ್ದು ಹೀಗೇ. ಅಂಗೈ ಅಗಲಕ್ಕಿಂತ ಜಾಸ್ತಿ ಸರಿಸಬೇಡಿ.

ಹೆಜ್ಜೆ 4: ಕಣ್ಣಿಗೆ ಕೈ ನಿಂತಂತೆ ಕಾಣಲಿ

ವಿಆರ್ ಕೈ ಬಂಡೆಯೊಳಗೆ ತೂರಿಕೊಂಡು ಹೋದ ಕ್ಷಣ ಎಲ್ಲ ಮುಗಿಯಿತು. ಕ್ಯಾಮೆರಾ ಗುರುತಿಸುವ ಕೈಯ ಜಾಗ ಮಿಲಿಮೀಟರ್ ಲೆಕ್ಕದಲ್ಲಿ ಸರಿ ಇರುವುದಿಲ್ಲ. ಅಸಲಿ ಕಲ್ಲಿದ್ದರೂ ಕಾಣುವ ಬೆರಳು ಒಮ್ಮೆ ಒಳಗೆ, ಒಮ್ಮೆ ಮೇಲೆ ತೇಲುತ್ತದೆ.

ಅದಕ್ಕೆ ಎರಡು ಕೈ ಇಟ್ಟುಕೊಳ್ಳಿ. ಒಂದು ಕ್ಯಾಮೆರಾ ಹೇಳುವ ಕೈ, ಅದನ್ನು ಯಾರಿಗೂ ತೋರಿಸಬೇಡಿ. ಇನ್ನೊಂದು ಕಾಣುವ ಕೈ, ಅದು ಮೊದಲನೆಯದನ್ನು ಹಿಂಬಾಲಿಸುತ್ತದೆ, ಆದರೆ ಬಂಡೆಯ ಮೈ ದಾಟುವುದಿಲ್ಲ. ಫೋರ್ಸ್ ಕೊಡುವ ಯಂತ್ರಗಳಿಗಾಗಿ 1995ರಲ್ಲಿ ಜಿಲ್ಸ್ ಮತ್ತು ಸ್ಯಾಲಿಸ್‌ಬರಿ ತಂದ ಉಪಾಯ ಇದು. ಆ ಯಂತ್ರಗಳು ಸೆಕೆಂಡಿಗೆ 1000 ಸಲ ಲೆಕ್ಕ ಹಾಕಬೇಕು. ನಮಗೆ ಕಣ್ಣಿನ ಫ್ರೇಮಿಗೆ ಒಮ್ಮೆ ಸಾಕು.

ನಾನು ಇದರ ಮೇಲೆ ಇನ್ನೊಂದು ಸಣ್ಣ ಕೆಲಸ ಸೇರಿಸಿದೆ. ಬೆರಳು ಮೈಗೆ ಐದಾರು ಮಿಲಿಮೀಟರ್ ಹತ್ತಿರ ಬಂದರೆ ಅಂಟಿಸಿಬಿಡುವುದು. ತೇಲುವುದು ನಿಂತಿತು. ಜೊತೆಗೆ ಬೆರಳ ಕೆಳಗೆ ಮೆತ್ತನೆಯ ನೆರಳು ಹಾಕಿ. ನೆರಳು ಬೆರಳಿಗೆ ಬಂದು ಸೇರುವುದನ್ನು ನೋಡಿಯೇ ಕಣ್ಣು "ಮುಟ್ಟಿತು" ಅನ್ನುತ್ತದೆ.

ಹೆಜ್ಜೆ 5: ಕಿವಿ

1998ರಲ್ಲಿ ವೈಕ್ಕೊ ಯೌಸ್ಮಾಕಿ ಮತ್ತು ರೀತಾ ಹಾರಿ ಒಂದು ತಮಾಷೆಯ ಪ್ರಯೋಗ ಮಾಡಿದರು. ಜನ ಎರಡು ಅಂಗೈ ಉಜ್ಜುವ ಸದ್ದನ್ನು ಅವರಿಗೇ ಹೆಡ್‌ಫೋನಿನಲ್ಲಿ ಕೇಳಿಸಿದರು, ಆದರೆ ಅದರ ಕೀರಲು ಭಾಗವನ್ನು ಏರಿಸಿದರು. ಕೈ ಒಣಗಿದ ಹಾಳೆಯಂತಾಯಿತು ಅಂದರು ಜನ. ಚರ್ಮ ಅದೇ, ಸದ್ದು ಮಾತ್ರ ಬೇರೆ.

ನಮ್ಮ ಕೆಲಸ ಇನ್ನೂ ಸುಲಭ. ಕಡಪ ಕಲ್ಲು ತಟ್ಟಿದರೆ "ಟಕ್" ಅನ್ನುತ್ತದೆ. ಇಯರ್‌ಫೋನಿನಲ್ಲಿ "ಟಂಯ್" ಕೇಳಿಸಬೇಕು. ಕಿವಿಯೊಳಗೆ ಕೂರುವ ಇಯರ್‌ಫೋನ್ ಹಾಕಿ, ಅಸಲಿ "ಟಕ್" ಒಳಗೆ ಬರಬಾರದು. ಬ್ಲೂಟೂತ್ ಮಾತ್ರ ಬೇಡವೇ ಬೇಡ, ಸದ್ದು ತಡವಾಗಿ ಬರುತ್ತದೆ. ನಾದವನ್ನು ಗುಡ್ಡದಲ್ಲಿ ರೆಕಾರ್ಡ್ ಮಾಡುವುದಾದರೆ ಚಿತ್ರ, ಗುಳಿ ಇರುವ ಬಂಡೆಯ ತಂಟೆಗೆ ಹೋಗಬೇಡಿ. ಅಂಥದ್ದು ಯಾವುದೂ ಇಲ್ಲದ ಒಂದನ್ನು ಹಗುರವಾಗಿ ನಾಲ್ಕೈದು ಸಲ ತಟ್ಟಿದರೆ ಸಾಕು. ಒಂದೇ ರೆಕಾರ್ಡಿಂಗನ್ನು ಪದೇ ಪದೇ ಕೇಳಿಸಿದರೆ ಮೂರನೇ ತಟ್ಟಿಗೇ ಬಯಲಾಗುತ್ತದೆ. ಅದಕ್ಕೇ ನಾಲ್ಕೈದು ಬೇಕು. ಜೋರು ತಟ್ಟಿಗೆ ಸದ್ದು ಬರೀ ದೊಡ್ಡದಾದರೆ ಸಾಲದು, ಚುರುಕಾಗಬೇಕು. ಮೆಲ್ಲನೆ ತಟ್ಟಿದಾಗ ಕೀರಲು ಭಾಗವನ್ನು ಫಿಲ್ಟರ್ ಹಾಕಿ ಕತ್ತರಿಸಿ.

ಹೆಜ್ಜೆ 6: ಈಗ ಮೋಟಾರು

ಕೈಗವಸು ಬಿಟ್ಟುಬಿಟ್ಟೆ. ಕಪ್ಪು ಕೈಗವಸನ್ನು ಕ್ಯಾಮೆರಾ ಸರಿಯಾಗಿ ಗುರುತಿಸುವುದಿಲ್ಲ, ಬಳ್ಳಾರಿ ಬಿಸಿಲಿಗೆ ಒಳಗೆ ಬೆವರು, ಎಲ್ಲಕ್ಕಿಂತ ಮುಖ್ಯ ಬೆರಳ ತುದಿಯೇ ಮುಚ್ಚಿಹೋಗುತ್ತದೆ. ಅಸಲಿ ಕಲ್ಲು ಇಟ್ಟಮೇಲೆ ಬೆರಳನ್ನು ಮುಚ್ಚುವುದು ಯಾಕೆ? ಮೋಟಾರನ್ನು ಉಗುರಿನ ಮೇಲೆ ಇಡಿ. ಜಪಾನಿನ ಸಂಶೋಧಕರು 2002ರಲ್ಲೇ ಇದನ್ನು ಮಾಡಿದ್ದರು. ಉಗುರಿನ ಮೇಲೆ ಕಂಪನ ಕೊಟ್ಟರೂ ಬೆರಳ ಅಡಿಯ ಚರ್ಮಕ್ಕೇ ಏನೋ ಹತ್ತಿದಂತೆ ಅನ್ನಿಸುತ್ತದೆ.

ಟೈಲರ್ ಎರಡನೇ ಸಲ ಹೊಲಿದುಕೊಟ್ಟದ್ದು ಬೆರಳಿಗೆ ಹಾಕುವ ಸಣ್ಣ ಎಲಾಸ್ಟಿಕ್ ಪಟ್ಟಿ, ಮೈಬಣ್ಣದ್ದು. ತೋರುಬೆರಳಿಗೊಂದು, ನಡುಬೆರಳಿಗೊಂದು. ಮೋಟಾರು ಉಗುರಿಗೆ ಬಿಗಿಯಾಗಿ ಕೂರಬೇಕು. ಸಡಿಲವಾದರೆ ಕಂಪನಕ್ಕಿಂತ ಸದ್ದೇ ಜಾಸ್ತಿ.

ಜೋಡಣೆ ಹೀಗೆ. ಇಎಸ್‌ಪಿ32 ಪಿನ್ನಿಗೆ ಮೋಟಾರನ್ನು ನೇರ ಹಾಕಬೇಡಿ. ಈ ಮೋಟಾರು 80 ಮಿಲಿಆಂಪ್ ಹತ್ತಿರ ಎಳೆಯುತ್ತದೆ, ಪಿನ್ ತಡೆಯುವುದಿಲ್ಲ. ಪಿನ್ನಿಂದ 1 ಕಿಲೋಓಮ್ ರೆಸಿಸ್ಟರ್ ಮೂಲಕ ಟ್ರಾನ್ಸಿಸ್ಟರ್‌ನ ಬೇಸ್‌ಗೆ, ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಮೋಟಾರಿನ ಒಂದು ತಂತಿಗೆ, ಇನ್ನೊಂದು ತಂತಿ ಬ್ಯಾಟರಿಯ ಪ್ಲಸ್‌ಗೆ. ಮೋಟಾರಿಗೆ ಅಡ್ಡಲಾಗಿ ಒಂದು 1ಎನ್4148 ಡಯೋಡು, ಗೆರೆ ಇರುವ ತುದಿ ಪ್ಲಸ್ ಕಡೆಗೆ. ಈ ಡಯೋಡು ಮರೆತು ನಾನು ಎರಡು ಟ್ರಾನ್ಸಿಸ್ಟರ್ ಸುಟ್ಟಿದ್ದೇನೆ.

ಕಲ್ಲಿನ ತಳಕ್ಕೆ ಪೀಜೋ ಡಿಸ್ಕನ್ನು ಫೆವಿಕ್ವಿಕ್‌ನಿಂದ ಅಂಟಿಸಿ. ಅದರ ಎರಡು ತಂತಿಯ ನಡುವೆ 1 ಮೆಗಾಓಮ್ ರೆಸಿಸ್ಟರ್, ಜೊತೆಗೆ 3.3 ವೋಲ್ಟಿನ ಜೀನರ್ ಡಯೋಡು ಹಾಕಿ ಇಎಸ್‌ಪಿ32ನ ಅನಲಾಗ್ ಪಿನ್ನಿಗೆ ಕೊಡಿ. ತಟ್ಟಿದ ಕೂಡಲೇ ವೋಲ್ಟೇಜು ಜಿಗಿಯುತ್ತದೆ. ಯಾಕೆ ಇದು ಅಂತ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಎಷ್ಟು ಹೊತ್ತು ಓಡಿಸಬೇಕು? ತುಂಬಾ ಕಡಿಮೆ. ನಾಣ್ಯದ ಮೋಟಾರು ಪೂರ್ತಿ ವೇಗಕ್ಕೆ ಬರಲು 50 ಮಿಲಿಸೆಕೆಂಡು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕು. ಮೊದಲ 30 ಮಿಲಿಸೆಕೆಂಡು ಪೂರ್ತಿ ಕರೆಂಟು ಕೊಟ್ಟು ಥಟ್ಟನೆ ಎಬ್ಬಿಸಿ, ಆಮೇಲೆ ಕೂಡಲೇ ಇಳಿಸಿ. ಬಾರಿಸಿದ ನಾದ ಹೇಗೆ ಕರಗುತ್ತದೋ ಹಾಗೇ ಕಂಪನವೂ ಕರಗಬೇಕು. ಹಣ ಇದ್ದರೆ ನೇರ ರೇಖೆಯಲ್ಲಿ ಅಲುಗುವ ಎಲ್‌ಆರ್‌ಎ ಮೋಟಾರು, ಅದನ್ನು ಓಡಿಸುವ ಡಿಆರ್‌ವಿ2605ಎಲ್ ಚಿಪ್ ತನ್ನಿ. ಬೇಗ ಏಳುತ್ತದೆ, ಚಿಪ್ಪೇ ಬ್ರೇಕ್ ಹಾಕುತ್ತದೆ, ಒಳಗೆ 123 ಸಿದ್ಧ ಕಂಪನಗಳೂ ಇವೆ. ಒಂದು ಕಿರಿಕಿರಿ: ಎಲ್ಲ ಚಿಪ್ಪಿಗೂ ವಿಳಾಸ ಒಂದೇ. ಎರಡು ಬೇಕಾದರೆ ಒಂದೊಂದನ್ನೇ ಬೇರೆಯಾಗಿ ಮಾತಾಡಿಸುವ ಟಿಸಿಎ9548ಎ ಮಲ್ಟಿಪ್ಲೆಕ್ಸರ್ ಬೇಕು.

ಮರ, ರಬ್ಬರು, ಲೋಹ ಬೇರೆ ಬೇರೆ ಅನ್ನಿಸಬೇಕಾದರೆ ಕಂಪನದ ವೇಗ ಬದಲಾಗಬೇಕು. ರಬ್ಬರಿಗೆ 30, ಮರಕ್ಕೆ 100, ಅಲ್ಯುಮಿನಿಯಂಗೆ 300 ಹರ್ಟ್ಜ್‌ನಿಂದ ಶುರುಮಾಡಿ, ಕೈಗೆ ಸರಿ ಅನ್ನಿಸುವವರೆಗೆ ತಿದ್ದಿ. ನಾಣ್ಯದ ಮೋಟಾರಿನಲ್ಲಿ ಇದು ಆಗದು, ಅದರಲ್ಲಿ ವೇಗ ಇಳಿಸಿದರೆ ಬಲವೂ ಇಳಿಯುತ್ತದೆ. ಇದಕ್ಕೆ ಸಣ್ಣ ಸ್ಪೀಕರಿನಂಥ ವಾಯ್ಸ್ ಕಾಯಿಲ್ ಬೇಕು.

ಸವರುವುದಕ್ಕೆ ಏನು ಮಾಡಬೇಕು? ಗಡಿಯಾರ ನೋಡಿ ಕಂಪನ ಕೊಡಬೇಡಿ, ದೂರ ನೋಡಿ ಕೊಡಿ. 2 ಮಿಲಿಮೀಟರಿಗೊಂದು ಗೀರು ಇದ್ದು ಬೆರಳು ಸೆಕೆಂಡಿಗೆ 100 ಮಿಲಿಮೀಟರ್ ಓಡಿದರೆ ಸೆಕೆಂಡಿಗೆ 50 ಗೀರು ದಾಟುತ್ತದೆ. ಬೆರಳು ನಿಂತರೆ ಸೊನ್ನೆ. ಬೆರಳು ನಿಂತಮೇಲೂ ಮೋಟಾರು ಗುಂಯ್ ಅಂದರೆ ಮತ್ತೆ ಫೋನ್ ಬಂದ ಹಾಗೇ. ಕುಪ್ಪಗಲ್ಲಿನ ಚಿತ್ರಕ್ಕೆ ನಾನು ಒರಟನ್ನು ಕಡಪ ಕಲ್ಲಿಗೇ ಬಿಟ್ಟೆ. ಎತ್ತಿನ ಚಿತ್ರದ ಅಂಚು ದಾಟುವಾಗ ಮಾತ್ರ ಒಂದು ಸಣ್ಣ ಮಿಡಿತ. ಆ ಒಂದು ಮಿಡಿತಕ್ಕೆ ಜನ ಬೆರಳನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿ ಅಂಚು ಹುಡುಕತೊಡಗುತ್ತಾರೆ.

ಹೆಜ್ಜೆ 7: ಸಮಯ

ಜಾಸ್ತಿ ದಿನ ತಿಂದದ್ದು ಇದು. ರಬ್ಬರ್ ಕೈ ಪ್ರಯೋಗ ಕೇಳಿರಬಹುದು, 1998ರಲ್ಲಿ ಬಾಟ್ವಿನಿಕ್ ಮತ್ತು ಕೋಹೆನ್ ಮಾಡಿದ್ದು. ನಿಮ್ಮ ಕೈಯನ್ನು ಮರೆಮಾಡಿ, ಎದುರಿಗೆ ರಬ್ಬರಿನ ಕೈ ಇಟ್ಟು, ಎರಡಕ್ಕೂ ಒಂದೇ ಹೊತ್ತಿಗೆ ಬ್ರಷ್ ಆಡಿಸಿದರೆ ರಬ್ಬರ್ ಕೈ ನಿಮ್ಮದೇ ಅನ್ನಿಸುತ್ತದೆ. ಬ್ರಷ್ ಹೊಂದದೆ ಹಿಂದುಮುಂದಾದರೆ ಆ ಭ್ರಮೆ ನಿಲ್ಲುವುದಿಲ್ಲ.

ನನ್ನ ಮೊದಲ ದಾರಿ ಹೀಗಿತ್ತು: ಕ್ಯಾಮೆರಾ ಕೈ ನೋಡಬೇಕು, ಹೆಡ್‌ಸೆಟ್ ಲೆಕ್ಕ ಹಾಕಬೇಕು, ಮುಂದಿನ ಫ್ರೇಮಿಗೆ ಕಾಯಬೇಕು (72 ಹರ್ಟ್ಜ್ ಅಂದರೆ ಸುಮಾರು 14 ಮಿಲಿಸೆಕೆಂಡು), ವೈಫೈಯಲ್ಲಿ ಸುದ್ದಿ ಹೋಗಬೇಕು, ಆಮೇಲೆ ಮೋಟಾರು ಏಳಬೇಕು. ತಟ್ಟಿದ್ದು ಮುಗಿದು ಕೈ ಹಿಂದೆ ಬರುವಾಗ ಕಂಪನ ಬರುತ್ತಿತ್ತು.

ಪೀಜೋ ಬಂದದ್ದು ಇದಕ್ಕೇ. ಕಲ್ಲಿಗೆ ಪೆಟ್ಟು ಬಿದ್ದದ್ದು ಇಎಸ್‌ಪಿ32ಗೆ ನೇರ ಗೊತ್ತಾಗುತ್ತದೆ. ಅದು ಹೆಡ್‌ಸೆಟ್ಟನ್ನು ಕೇಳದೆ ಮೋಟಾರು ಎಬ್ಬಿಸುತ್ತದೆ, ಅದೇ ಹೊತ್ತಿಗೆ ಹೆಡ್‌ಸೆಟ್‌ಗೆ "ಸದ್ದು ಮಾಡು" ಅಂತ ಯುಡಿಪಿಯಲ್ಲಿ (ಉತ್ತರಕ್ಕೆ ಕಾಯದೆ ಸುದ್ದಿ ಕಳಿಸುವ ವಿಧಾನ) ಒಂದು ಪ್ಯಾಕೆಟ್ ಕಳಿಸುತ್ತದೆ. ಕ್ಯಾಮೆರಾ ಕೆಲಸ ಯಾವ ಬಂಡೆ, ಯಾವ ಜಾಗ ಅಂತ ಹೇಳುವುದಷ್ಟೇ.

ಇನ್ನೆರಡು ಸಣ್ಣ ಬದಲಾವಣೆ. ಇಎಸ್‌ಪಿ32 ಕರೆಂಟು ಉಳಿಸಲು ವೈಫೈಯನ್ನು ನಡುನಡುವೆ ಮಲಗಿಸುತ್ತದೆ, ಅದನ್ನು ಆಫ್ ಮಾಡಿ, ಕೋಡಿನಲ್ಲಿ ಒಂದೇ ಸಾಲು. ಯೂನಿಟಿಯ ಆಡಿಯೋ ಸೆಟ್ಟಿಂಗ್‌ನಲ್ಲಿ ಬಫರನ್ನು "ಬೆಸ್ಟ್ ಲೇಟೆನ್ಸಿ"ಗೆ ಬದಲಿಸಿ.

ಅಂದಾಜಿಗೆ ಬಿಡಬೇಡಿ, ಅಳೆಯಿರಿ. ಮೋಟಾರಿಗೆ ಸಮಾನಾಂತರವಾಗಿ ರೆಸಿಸ್ಟರ್ ಜೊತೆ ಒಂದು ಎಲ್‌ಇಡಿ ಹಾಕಿ. ಅದನ್ನು ಹೆಡ್‌ಸೆಟ್ಟಿನ ಲೆನ್ಸ್ ಅಂಚಿಗೆ ಟೇಪಿನಿಂದ ಅಂಟಿಸಿ. ಹೆಡ್‌ಸೆಟ್ ನಿದ್ದೆ ಹೋಗದಂತೆ ಹಣೆ ಹತ್ತಿರದ ಸೆನ್ಸರ್ ಮೇಲೂ ಟೇಪು. ತಟ್ಟಿದಾಗ ವಿಆರ್ ಒಳಗೆ ಪರದೆ ಬಿಳಿಯಾಗುವಂತೆ ಮಾಡಿ. ಫೋನನ್ನು 240 ಫ್ರೇಮಿನ ಸ್ಲೋ ಮೋಷನ್ನಿಗೆ ಹಾಕಿ ಲೆನ್ಸ್‌ಗೆ ಹಿಡಿದು ರೆಕಾರ್ಡ್ ಮಾಡಿ. ಎಲ್‌ಇಡಿ ಹೊತ್ತಿದ ಫ್ರೇಮಿಗೂ ಪರದೆ ಬಿಳಿಯಾದ ಫ್ರೇಮಿಗೂ ನಡುವೆ ಎಷ್ಟು ಫ್ರೇಮು ಅಂತ ಎಣಿಸಿ. ಒಂದು ಫ್ರೇಮು ಅಂದರೆ 4 ಮಿಲಿಸೆಕೆಂಡಿಗೆ ಚೂರು ಮೇಲೆ. ನಾನು 12 ಫ್ರೇಮು ದಾಟಲು ಬಿಡುವುದಿಲ್ಲ.

ಹೆಜ್ಜೆ 8: ಭಾರ, ಬೇಕಾದರೆ

ಸಂಗನಕಲ್ಲು ಕಲ್ಲಿನ ಕೊಡಲಿ ತಯಾರಿಸುತ್ತಿದ್ದ ಜಾಗ. ಹಾಗಾಗಿ ಮಕ್ಕಳು ಕೊಡಲಿ ಎತ್ತಲೂ ಬೇಕು ಅಂದರು. ಹೆಡ್‌ಸೆಟ್ ಹಾಕಿಕೊಂಡು ಸುತ್ತಲಿನದು ಕಾಣದ ಮಗುವಿನ ಕೈಗೆ ಅಸಲಿ ಕಲ್ಲು ಕೊಟ್ಟು ಬೀಸಲು ಬಿಡುವುದು ಬೇಡ. ಬರಿಗೈಯಲ್ಲೇ ಎತ್ತಿಸಿ, ಆದರೆ ಕೈ 10 ಸೆಂಟಿಮೀಟರ್ ಏರಿದಾಗ ಕಾಣುವ ಕೈ 8 ಮಾತ್ರ ಏರಲಿ. ಕೊಡಲಿ ಕೈಗಿಂತ ಸ್ವಲ್ಪ ಹಿಂದೆ ಬೀಳಲಿ. ಭಾರದ ಹಾಗೇ ಅನ್ನಿಸುತ್ತದೆ. 5 ಮಾತ್ರ ಏರಿಸಿದರೆ ಭಾರ ಅನ್ನಿಸುವುದಿಲ್ಲ, ಹೆಡ್‌ಸೆಟ್ ಕೆಟ್ಟಿದೆ ಅನ್ನಿಸುತ್ತದೆ.

ಹೆಜ್ಜೆ 9: ಬೇರೆಯವರ ಕೈ

ನಿಮ್ಮ ಕೈಯನ್ನು ನಂಬಬೇಡಿ, ಅದಕ್ಕೆ ಆಗಲೇ ರೂಢಿಯಾಗಿದೆ. ಏನೂ ಗೊತ್ತಿಲ್ಲದವರನ್ನು ಕೂರಿಸಿ. "ಚೆನ್ನಾಗಿದೆಯಾ?" ಅಂತ ಕೇಳಿದರೆ ನಮ್ಮ ಜನ ಮರ್ಯಾದೆಗೆ ಹೂಂ ಅಂದುಬಿಡುತ್ತಾರೆ. "ಇದು ಏನು, ಹೇಗಿದೆ?" ಅಂತಷ್ಟೇ ಕೇಳಿ ಸುಮ್ಮನಾಗಿ. ಬಾಯಿಗಿಂತ ಕೈ ನೋಡಿ. ಕಲ್ಲು ಹತ್ತಿರ ಬಂದಾಗ ಕೈ ನಿಧಾನವಾಯಿತಾ? ಜೋರಾಗಿ ತಟ್ಟಲು ಹಿಂಜರಿದರಾ? ಹಾಗಾದರೆ ನಂಬಿದ್ದಾರೆ.

ಟೈಲರ್ ಮತ್ತೆ ಬಂದರು. ನಾಲ್ಕು ಸಲ ತಟ್ಟಿದರು, ಐದನೆಯದಕ್ಕೆ ಕಾದು ನಾದ ಪೂರ್ತಿ ಕರಗುವವರೆಗೆ ಕೈ ಎತ್ತಲಿಲ್ಲ. ಹೆಡ್‌ಸೆಟ್, ಇಯರ್‌ಫೋನ್ ತೆಗೆದು ಕಡಪ ಕಲ್ಲನ್ನೇ ಮತ್ತೆ ತಟ್ಟಿದರು. ಟಕ್. ಬಗ್ಗಿ ಕಂಬಳಿ ಎತ್ತಿ ಕೆಳಗೆ ನೋಡಿದರು. "ಸದ್ದ್ ಎಲ್ಲಿ ಇಟ್ಟೀರ್ರೀ ಸರ?"

ಇಲ್ಲಿಯ ಬಿಸಿಲಿಗೆ ಒಂದಿಷ್ಟು ಎಚ್ಚರ

ಕಲ್ಲನ್ನು ನೆರಳಿನಲ್ಲಿಡಿ. ಕಿಟಕಿ ಬಿಸಿಲಿಗೆ ಕಾದ ಕಡಪ ಕಲ್ಲು ವಿಆರ್‌ನ ಬೆಳಗಿನ ಗುಡ್ಡಕ್ಕೆ ಹೊಂದುವುದಿಲ್ಲ. ಹೆಡ್‌ಸೆಟ್ಟಿನ ಲೆನ್ಸ್‌ಗೆ ನೇರ ಬಿಸಿಲು ಬಿದ್ದರೆ ಭೂತಗನ್ನಡಿಯಂತೆ ಕೆಲಸ ಮಾಡಿ ಪರದೆ ಸುಟ್ಟುಬಿಡುತ್ತದೆ, ಹಾಗಾಗಿ ಮೇಜಿನ ಮೇಲೆ ಬಟ್ಟೆ ಮುಚ್ಚಿಡಿ. ಆದರೆ ಕೋಣೆ ಕತ್ತಲಾದರೆ ಕ್ಯಾಮೆರಾಗೆ ಕೈ ಕಾಣುವುದಿಲ್ಲ, ಟ್ಯೂಬ್‌ಲೈಟ್ ಹಾಕಿ. ಮಕ್ಕಳು ಸಾಲಾಗಿ ಬರುವಾಗ ಎಲಾಸ್ಟಿಕ್ ಪಟ್ಟಿ ಬೆವರಿಗೆ ಒದ್ದೆಯಾಗಿ ಮೋಟಾರು ಜಾರುತ್ತದೆ. ಮೂರು ಜೊತೆ ಹೊಲಿಸಿಟ್ಟುಕೊಂಡು ಬದಲಿಸುತ್ತಿರಿ, ಮುಖದ ಪ್ಯಾಡನ್ನೂ ಒರೆಸಿ. ಲಿಥಿಯಂ ಬ್ಯಾಟರಿಯನ್ನು ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ, ನನ್ನದೊಂದು ಹಾಗೇ ಊದಿಕೊಂಡಿತು.